ಗಾಳಿಗೆ ಲೆಕ್ಕ ಬರೆದವರು

1952ರ ಡಿಸೆಂಬರ್ 5, ಶುಕ್ರವಾರ. ಲಂಡನ್ನಿನ ಮೇಲೆ ಗಾಳಿ ನಿಂತುಹೋಯಿತು. ಥೇಮ್ಸ್ ಕಣಿವೆಯ ನೆಲಕ್ಕೆ ಅಂಟಿಕೊಂಡು ತಣ್ಣನೆಯ ಗಾಳಿ, ಅದರ ಮೇಲೆ ಬೆಚ್ಚಗಿನ ಗಾಳಿಯ ಪದರ. ಕೆಳಗಿನ ತಂಪುಗಾಳಿ ಮೇಲೇಳಲಾರದು, ಹೊಗೆಗೆ ಹೊರಹೋಗುವ ದಾರಿಯಿಲ್ಲ. ಚಳಿ ಕಡುವಾಗಿದ್ದುದರಿಂದ ಮನೆಮನೆಯ ಅಗ್ಗಿಷ್ಟಿಕೆಗಳಲ್ಲಿ ಅಗ್ಗದ ಕಲ್ಲಿದ್ದಲು ಉರಿಯುತ್ತಿತ್ತು. ನಗರದೊಳಗೇ ಇದ್ದ ವಿದ್ಯುತ್ ಸ್ಥಾವರಗಳೂ ಉರಿಯುತ್ತಿದ್ದವು. ಐದು ದಿನ, ಮಂಗಳವಾರದವರೆಗೆ, ಮಸಿಯೂ ಗಂಧಕದ ಡೈಆಕ್ಸೈಡೂ ಬೆರೆತ ಹಳದಿ ಮಂಜು ಊರನ್ನು ಮುಚ್ಚಿತು. ಬಸ್ಸುಗಳು ನಿಂತವು. ಸ್ಯಾಡ್ಲರ್ಸ್ ವೆಲ್ಸ್ ರಂಗಮಂದಿರದ ಒಳಕ್ಕೇ ಮಂಜು ನುಗ್ಗಿ ಸಂಗೀತ ನಾಟಕ ಅರ್ಧಕ್ಕೆ ನಿಂತಿತು. ಸ್ಮಿತ್‌ಫೀಲ್ಡ್ ಜಾನುವಾರು ಪ್ರದರ್ಶನಕ್ಕೆ ತಂದಿದ್ದ ದನಗಳು ಉಸಿರುಗಟ್ಟಿ ಬಿದ್ದವು.

ಮನುಷ್ಯರ ಸಾವು ಮೊದಲಿಗೆ ಯಾರ ಗಮನಕ್ಕೂ ಬರಲಿಲ್ಲ. ಸತ್ತವರಲ್ಲಿ ಬಹುಪಾಲು ಮುದುಕರು, ಹಸುಗೂಸುಗಳು, ಗೂರಲು ರೋಗಿಗಳು. ಅವರವರ ಮನೆಗಳಲ್ಲಿ, ಅವರವರ ಹಾಸಿಗೆಗಳಲ್ಲಿ ಜೀವ ಬಿಟ್ಟಿದ್ದರು. ಶವಪೆಟ್ಟಿಗೆಗಳಿಗೂ ಹೂವಿಗೂ ಕೊರತೆ ಬಿದ್ದಾಗ ಜನರಿಗೆ ಏನೋ ಆಗಿದೆ ಎಂಬ ಅರಿವಾಯಿತು. ಜನನ-ಮರಣ ನೋಂದಣಿ ಕಚೇರಿಯ ಮುಖ್ಯ ವೈದ್ಯಕೀಯ ಸಂಖ್ಯಾಶಾಸ್ತ್ರಜ್ಞರಾಗಿದ್ದ ಡಬ್ಲ್ಯು.ಪಿ.ಡಿ. ಲೋಗನ್ 1953ರಲ್ಲಿ 'ಲ್ಯಾನ್ಸೆಟ್' ಪತ್ರಿಕೆಯಲ್ಲಿ ಆ ದಿನಗಳ ಮರಣದ ಲೆಕ್ಕ ಪ್ರಕಟಿಸಿದರು. ಹೊಗೆ ಏರಿದ ಹಾಗೆ ಸಾವು ಏರಿತ್ತು, ಹೊಗೆ ಇಳಿದ ಮೇಲೆ ಸಾವೂ ಇಳಿಯತೊಡಗಿತ್ತು. ಆ ಕೆಲವೇ ವಾರಗಳಲ್ಲಿ ವಾಡಿಕೆಗಿಂತ ಸುಮಾರು 4,000 ಮಂದಿ ಹೆಚ್ಚು ಸತ್ತಿದ್ದರು. ಮುಂದಿನ ಎರಡು ತಿಂಗಳಲ್ಲೂ ಸಾವಿನ ಪ್ರಮಾಣ ಪೂರ್ತಿ ಇಳಿದಿರಲಿಲ್ಲ. ಸರ್ಕಾರ ಅದನ್ನು ಫ್ಲೂ ಜ್ವರದ ಖಾತೆಗೆ ಹಾಕಿ ಮುಗಿಸಿತು. ಅರ್ಧ ಶತಮಾನದ ಬಳಿಕ, 2001ರಲ್ಲಿ, ಮಿಶೆಲ್ ಬೆಲ್ ಮತ್ತು ಡೆವ್ರಾ ಡೇವಿಸ್ ಅದೇ ದಾಖಲೆಗಳನ್ನು ಮತ್ತೆ ತೆರೆದು, ಸತ್ತವರು ಸುಮಾರು 12,000 ಎಂದು ತೋರಿಸಿದರು.

ಗಾಳಿಯಲ್ಲಿ ಎಷ್ಟು ವಿಷವಿದೆ ಎಂಬುದನ್ನೂ ಎಷ್ಟು ಜನ ಸತ್ತರು ಎಂಬುದನ್ನೂ ಒಂದೇ ಹಾಳೆಯ ಮೇಲೆ ಇಟ್ಟು ನೋಡಿದ್ದೇ ಅಂದಿನ ದೊಡ್ಡ ಹೆಜ್ಜೆ. ಸಾಂದ್ರತೆಯಿಂದ ಹಾನಿಯನ್ನು ಲೆಕ್ಕ ಹಾಕುವ ಇಂದಿನ ಎಲ್ಲ ಗಣಿತ ಮಾದರಿಗಳಿಗೂ ಅದು ಒಂದು ಬುನಾದಿ. ಆದರೆ ಆ ಹಾಳೆಯಲ್ಲಿ ಇಲ್ಲದ ಒಂದು ಪ್ರಶ್ನೆಯಿತ್ತು. ಹೊಗೆ ಲಂಡನ್ ಬಿಟ್ಟು ಹೋದ ಮೇಲೆ ಎಲ್ಲಿಗೆ ಹೋಯಿತು? ಆ ಪ್ರಶ್ನೆಗೆ ಉತ್ತರ ಹುಡುಕಲು ಯೂರೋಪಿಗೆ ಮುಂದಿನ ಇಪ್ಪತ್ತೈದು ವರ್ಷ ಬೇಕಾಯಿತು. ಉತ್ತರ ಸಿಕ್ಕಿದ ಬಗೆ ಇಪ್ಪತ್ತನೆಯ ಶತಮಾನದ ವಿಜ್ಞಾನದ ಅತ್ಯಂತ ಮಾನವೀಯ ಅಧ್ಯಾಯಗಳಲ್ಲಿ ಒಂದು.

ಚಿಮಣಿಯ ಎತ್ತರ

ಹ್ಯೂ ಬೀವರ್ ಅಧ್ಯಕ್ಷತೆಯ ಸಮಿತಿಯ ವರದಿಯನ್ನು ಆಧರಿಸಿ ಬ್ರಿಟನ್ 1956ರಲ್ಲಿ ಶುದ್ಧ ಗಾಳಿ ಕಾಯಿದೆ ತಂದಿತು. ಮನೆಗಳಲ್ಲಿ ಹೊಗೆ ಉಗುಳುವ ಕಲ್ಲಿದ್ದಲನ್ನು ಬಿಡಿಸಿದ್ದು ಈ ಕಾಯಿದೆಯ ದೊಡ್ಡ ಸಾಧನೆ. ಗಂಧಕದ ವಿಷಯದಲ್ಲಿ ಮಾತ್ರ ಅದು ಮೃದುವಾಗಿತ್ತು. ಹೊಗೆಯಿಂದ ಗಂಧಕ ತೆಗೆಯುವ ವಿದ್ಯೆ ಗೊತ್ತಿರಲಿಲ್ಲ ಎಂದಲ್ಲ. ಲಂಡನ್ನಿನ ಬ್ಯಾಟರ್ಸೀ ಸ್ಥಾವರದಲ್ಲಿ 1930ರ ದಶಕದಲ್ಲೇ ಹೊಗೆಯನ್ನು ನೀರಿನಿಂದ ತೊಳೆಯುವ ವ್ಯವಸ್ಥೆಯಿತ್ತು. ಅದಕ್ಕೆ ಖರ್ಚು ಹೆಚ್ಚು. ಅದಕ್ಕಿಂತ ಅಗ್ಗದ ದಾರಿ ಚಿಮಣಿಯನ್ನು ಎತ್ತರಿಸುವುದು.

ಎಷ್ಟು ಎತ್ತರಿಸಬೇಕು ಎಂದು ಹೇಳುವ ಸೂತ್ರ ಆಗಲೇ ಸಿದ್ಧವಾಗಿತ್ತು. ಅದು ಹುಟ್ಟಿದ್ದು ಯುದ್ಧದ ನೆರಳಿನಲ್ಲಿ. ಮೊದಲ ಮಹಾಯುದ್ಧದಲ್ಲಿ ವಿಷಾನಿಲ ಬಳಕೆಗೆ ಬಂದ ಮೇಲೆ ಬ್ರಿಟನ್ 1916ರಲ್ಲಿ ಪೋರ್ಟನ್ ಡೌನ್ ಎಂಬಲ್ಲಿ ಪ್ರಯೋಗ ಕೇಂದ್ರ ತೆರೆಯಿತು. ಬಿಟ್ಟ ಅನಿಲ ಗಾಳಿಯಲ್ಲಿ ಎಷ್ಟು ದೂರ, ಎಷ್ಟು ಅಗಲ ಹರಡುತ್ತದೆ ಎಂಬುದು ಅಲ್ಲಿನ ಮುಖ್ಯ ಪ್ರಶ್ನೆ. 1921ರಲ್ಲಿ ಜಿ.ಐ. ಟೇಲರ್ ಪ್ರಕ್ಷುಬ್ಧ ಗಾಳಿಯಲ್ಲಿ ಕಣಗಳು ಚದುರುವ ಗಣಿತವನ್ನು ಬರೆದಿದ್ದರು. ಪೋರ್ಟನ್ನಿನಲ್ಲಿ ಗ್ರಹಾಂ ಸಟನ್ ಅದನ್ನು ಬಯಲಿನ ಪ್ರಯೋಗಗಳಿಗೆ ಒಗ್ಗಿಸಿದರು. ಅಲ್ಲೇ ದುಡಿದ ಫ್ರಾಂಕ್ ಪಾಸ್ಕ್ವಿಲ್ 1961ರಲ್ಲಿ ಅದನ್ನು ಯಾವ ಎಂಜಿನಿಯರೂ ಬಳಸಬಹುದಾದ ರೂಪಕ್ಕೆ ಇಳಿಸಿದರು. ಗಾಳಿಯ ವೇಗ, ಬಿಸಿಲಿನ ತೀವ್ರತೆ, ರಾತ್ರಿಯ ಮೋಡ ಇಷ್ಟು ಗೊತ್ತಿದ್ದರೆ ಸಾಕು, ವಾತಾವರಣವನ್ನು 'ಎ'ಯಿಂದ 'ಎಫ್'ವರೆಗೆ ಆರು ವರ್ಗಗಳಲ್ಲಿ ಒಂದಕ್ಕೆ ಸೇರಿಸಬಹುದು. ಸುಡುಬಿಸಿಲಿನ ಮಧ್ಯಾಹ್ನ ಹೊಗೆ ಮೇಲೆ ಕೆಳಗೆ ಹೊರಳಿ ಬೇಗ ಚದುರುತ್ತದೆ. ಮೋಡವಿಲ್ಲದ ತಣ್ಣನೆಯ ರಾತ್ರಿ ಅದೇ ಹೊಗೆ ತೆಳುವಾದ ಪಟ್ಟಿಯಾಗಿ ಮೈಲುಗಟ್ಟಲೆ ಸಾಗುತ್ತದೆ. ವರ್ಗ ತಿಳಿದರೆ, ಚಿಮಣಿಯಿಂದ ಇಷ್ಟು ದೂರದ ನೆಲದ ಮೇಲೆ ಇಷ್ಟು ವಿಷ ಎಂದು ಲೆಕ್ಕ ಹಾಕಬಹುದು. ಸಾವನ್ನು ಹರಡಲು ಹುಟ್ಟಿದ ಗಣಿತ ಜೀವ ಉಳಿಸುವ ಕೆಲಸಕ್ಕೆ ಬಂತು. ಇಂದಿಗೂ ಜಗತ್ತಿನಾದ್ಯಂತ ಕಾರ್ಖಾನೆಗಳ ಪರಿಸರ ಪರಿಣಾಮ ವರದಿಗಳ ಹಿಂದೆ ಇದೇ ಗಣಿತದ ವಂಶ ನಿಂತಿದೆ.

ಆ ಸೂತ್ರ ಹೇಳುತ್ತಿದ್ದ ಮುಖ್ಯ ಮಾತು ಇದು: ಚಿಮಣಿಯ ಎತ್ತರವನ್ನು ಎರಡು ಪಟ್ಟು ಮಾಡಿದರೆ ಸುತ್ತಲಿನ ನೆಲದ ಮೇಲೆ ಬೀಳುವ ಗರಿಷ್ಠ ಸಾಂದ್ರತೆ ಹೆಚ್ಚುಕಡಿಮೆ ನಾಲ್ಕನೆಯ ಒಂದು ಭಾಗಕ್ಕೆ ಇಳಿಯುತ್ತದೆ. ಹಾಗಾಗಿ ಚಿಮಣಿಗಳು ಬೆಳೆದವು. ಇಂಗ್ಲೆಂಡಿನ ಡ್ರ್ಯಾಕ್ಸ್ ಸ್ಥಾವರದ್ದು 259 ಮೀಟರ್. ಕೆನಡಾದ ಸಡ್ಬರಿಯಲ್ಲಿ 1972ರಲ್ಲಿ ಬಳಕೆಗೆ ಬಂದದ್ದು 381 ಮೀಟರ್. ಸುತ್ತಲಿನ ಊರುಗಳ ಗಾಳಿ ನಿಜಕ್ಕೂ ತಿಳಿಯಾಯಿತು. ಸೂತ್ರದಲ್ಲಿ ತಪ್ಪಿರಲಿಲ್ಲ. ಅದಕ್ಕೆ ಹಾಕಿದ ಪ್ರಶ್ನೆ ಚಿಕ್ಕದಾಗಿತ್ತು. ಕೆಲವು ಹತ್ತು ಕಿಲೋಮೀಟರುಗಳಾಚೆ ಏನಾಗುತ್ತದೆ ಎಂದು ಅದನ್ನು ಯಾರೂ ಕೇಳಲಿಲ್ಲ.

ಮೀನಿಲ್ಲದ ನೀರು

ಆ ಪ್ರಶ್ನೆ ಕೇಳಿದವರು ಸ್ವೀಡನ್ನಿನ ಒಬ್ಬ ಮಣ್ಣು ವಿಜ್ಞಾನಿ. ಉಪ್ಸಾಲಾ ಬಳಿಯ ಕೃಷಿ ಕಾಲೇಜಿನ ಸ್ವಾಂತೆ ಓಡೇನ್ ಅವರ ಕೈಗೆ ಒಂದು ಅಪರೂಪದ ಸಂಪತ್ತು ಸಿಕ್ಕಿತ್ತು. 1940ರ ದಶಕದ ಕೊನೆಯಲ್ಲಿ ಹಾನ್ಸ್ ಎಗ್ನೇರ್ ಎಂಬ ವಿಜ್ಞಾನಿ, ಮಳೆಯಿಂದ ಹೊಲಗಳಿಗೆ ಎಷ್ಟು ಪೋಷಕಾಂಶ ಸಿಗುತ್ತದೆ ಎಂದು ತಿಳಿಯಲು ಸ್ವೀಡನ್ನಿನಲ್ಲಿ ಮಳೆನೀರು ಸಂಗ್ರಹಿಸುವ ಕೇಂದ್ರಗಳ ಜಾಲ ಕಟ್ಟಿದ್ದರು. ಹವಾಮಾನ ಶಾಸ್ತ್ರದ ಮಹನೀಯ ಕಾರ್ಲ್-ಗುಸ್ತಾಫ್ ರಾಸ್ಬಿ ಮತ್ತು ಎರಿಕ್ ಎರಿಕ್ಸನ್ 1950ರ ದಶಕದಲ್ಲಿ ಅದನ್ನು ಯೂರೋಪಿನ ಇತರ ದೇಶಗಳಿಗೂ ಹಬ್ಬಿಸಿದರು. ಗೊಬ್ಬರದ ಲೆಕ್ಕಕ್ಕೆಂದು ತುಂಬಿಟ್ಟ ಸೀಸೆಗಳು ಹತ್ತು ಹದಿನೈದು ವರ್ಷಗಳಲ್ಲಿ ಬೇರೆಯೇ ಕಥೆ ಹೇಳತೊಡಗಿದವು. ಮಧ್ಯ ಯೂರೋಪಿನ ಮೇಲಿದ್ದ ಹುಳಿಮಳೆಯ ಪ್ರದೇಶ ವರ್ಷದಿಂದ ವರ್ಷಕ್ಕೆ ಉತ್ತರಕ್ಕೆ ಹಿಗ್ಗುತ್ತಿತ್ತು. ಓಡೇನ್ ಮಳೆಯ ದಾಖಲೆಯನ್ನು ಗಾಳಿಯ ದಿಕ್ಕಿನೊಡನೆ, ನದಿ ಕೆರೆಗಳ ನೀರಿನ ದಾಖಲೆಯೊಡನೆ ಜೋಡಿಸಿದರು. 1967ರ ಅಕ್ಟೋಬರ್ 24ರಂದು 'ಡಾಗೆನ್ಸ್ ನ್ಯೂಹೇಟರ್' ದಿನಪತ್ರಿಕೆಯಲ್ಲಿ ಅವರ ಲೇಖನ ಬಂತು. ಬ್ರಿಟನ್ನಿನ, ಮಧ್ಯ ಯೂರೋಪಿನ ಕಾರ್ಖಾನೆಗಳ ಗಂಧಕ ಸಾವಿರ ಕಿಲೋಮೀಟರ್ ದಾಟಿ ಬಂದು ಸ್ಕ್ಯಾಂಡಿನೇವಿಯಾದ ಮೇಲೆ ಆಮ್ಲವಾಗಿ ಸುರಿಯುತ್ತಿದೆ, ಇದು ದೇಶಗಳ ನಡುವಿನ ರಾಸಾಯನಿಕ ಯುದ್ಧ ಎಂಬುದು ಅವರ ಆರೋಪ.

ಆಮ್ಲ ಮಳೆ ಹೊಸ ಸಂಗತಿಯಾಗಿರಲಿಲ್ಲ. ಮ್ಯಾಂಚೆಸ್ಟರಿನ ರಸಾಯನ ವಿಜ್ಞಾನಿ ರಾಬರ್ಟ್ ಆಂಗಸ್ ಸ್ಮಿತ್ 1852ರಲ್ಲೇ ಆ ನಗರದ ಮಳೆ ಹುಳಿಯಾಗಿರುವುದನ್ನು ಬರೆದಿದ್ದರು, 1872ರಲ್ಲಿ ಅದರ ಬಗ್ಗೆ ಇಡೀ ಪುಸ್ತಕವನ್ನೇ ಪ್ರಕಟಿಸಿದ್ದರು. ಆದರೆ ಸ್ಮಿತ್ ನೋಡಿದ್ದು ಒಂದು ನಗರದ ಸುತ್ತಲಿನ ಮಳೆ. ಓಡೇನ್ ನೋಡಿದ್ದು ಇಡೀ ಖಂಡದ ಮೇಲಿನ ಮಳೆ.

ದಕ್ಷಿಣ ನಾರ್ವೆಯಲ್ಲಿ ನೆಲ ಗ್ರಾನೈಟ್ ಬಂಡೆ, ಮೇಲೆ ತೆಳುವಾದ ಮಣ್ಣು. ಆಮ್ಲವನ್ನು ತಣಿಸಲು ಬೇಕಾದ ಸುಣ್ಣದ ಅಂಶ ಅಲ್ಲಿಲ್ಲ. ಚಳಿಗಾಲವಿಡೀ ಬಿದ್ದ ಆಮ್ಲ ಹಿಮದಲ್ಲಿ ಕೂಡಿಕೊಳ್ಳುತ್ತದೆ. ವಸಂತದಲ್ಲಿ ಹಿಮ ಕರಗುವಾಗ ಮೊದಲ ನೀರಿನಲ್ಲೇ ಅದರ ಬಹುಪಾಲು ಒಮ್ಮೆಗೇ ಹೊಳೆಗೆ ಇಳಿಯುತ್ತದೆ. ಅಷ್ಟೇ ಅಲ್ಲ, ಆಮ್ಲವು ಮಣ್ಣಿನಲ್ಲಿ ಬಂಧಿತವಾಗಿದ್ದ ಅಲ್ಯೂಮಿನಿಯಂ ಅನ್ನು ಬಿಡಿಸಿ ನೀರಿಗೆ ತರುತ್ತದೆ. ಅದು ಮೀನಿನ ಕಿವಿರುಗಳಿಗೆ ಅಂಟುತ್ತದೆ. ಮೀನಿಗೆ ಉಸಿರು ಕಟ್ಟುತ್ತದೆ, ಮೈಯ ಉಪ್ಪು ನೀರಿಗೆ ಸೋರಿಹೋಗುತ್ತದೆ. 1975ರ ವಸಂತದಲ್ಲಿ ತೋವ್‌ದಾಲ್ ನದಿಯಲ್ಲಿ ಸಾವಿರಾರು ಟ್ರೌಟ್ ಮೀನುಗಳು ಹೀಗೆ ಸತ್ತು ತೇಲಿದವು. ಕೆರೆಗಳಲ್ಲಿ ಸಾವು ಇಷ್ಟು ಎದ್ದು ಕಾಣುತ್ತಿರಲಿಲ್ಲ. ಮರಿಗಳು ಹುಟ್ಟುವುದು ನಿಲ್ಲುತ್ತಿತ್ತು, ದೊಡ್ಡ ಮೀನುಗಳು ಒಂದೊಂದಾಗಿ ಮುಗಿಯುತ್ತಿದ್ದವು, ನೀರು ಗಾಜಿನಷ್ಟು ತಿಳಿಯಾಗುತ್ತಿತ್ತು. ಆ ತಿಳಿ ನೀರಿನಲ್ಲಿ ಜೀವವಿರಲಿಲ್ಲ.

ಯಾರ ಗಂಧಕ, ಯಾರ ಮಳೆ?

1972ರ ಜೂನ್‌ನಲ್ಲಿ ಸ್ಟಾಕ್‌ಹೋಮಿನಲ್ಲಿ ವಿಶ್ವಸಂಸ್ಥೆಯ ಮಾನವ ಪರಿಸರ ಸಮ್ಮೇಳನ ನಡೆಯಿತು. ಇಂದಿರಾ ಗಾಂಧಿ ಬಡತನ ಮತ್ತು ಪರಿಸರದ ಬಗ್ಗೆ ಮಾತನಾಡಿ ಜಗತ್ತಿನ ಗಮನ ಸೆಳೆದದ್ದು ಇದೇ ವೇದಿಕೆಯಲ್ಲಿ. ಆತಿಥೇಯ ಸ್ವೀಡನ್, ಗಡಿ ದಾಟುವ ಗಂಧಕದ ಕುರಿತು ಒಂದು ವರದಿ ಮಂಡಿಸಿತು. ಅದನ್ನು ಸಿದ್ಧಪಡಿಸಿದ ತಂಡದ ನೇತೃತ್ವ ವಹಿಸಿದವರು ರಾಸ್ಬಿಯವರ ಶಿಷ್ಯ ಬರ್ಟ್ ಬೊಲೀನ್. ಮುಂದೆ 1988ರಲ್ಲಿ ಹವಾಮಾನ ಬದಲಾವಣೆಯ ಅಂತರ್ಸರ್ಕಾರಿ ಸಮಿತಿಗೆ ಮೊದಲ ಅಧ್ಯಕ್ಷರಾದವರೂ ಇವರೇ. ವರದಿಯನ್ನು ಅನೇಕ ದೇಶಗಳು ನಂಬಲಿಲ್ಲ. ಇಷ್ಟು ದೂರ ಹೊಗೆ ಬರಲು ಸಾಧ್ಯವೇ? ಬಂದರೂ ಅದು ನಮ್ಮದೇ ಎಂಬುದಕ್ಕೆ ಸಾಕ್ಷಿ ಏನು?

ಸಾಕ್ಷಿ ಬೇಕಾದರೆ ಗಾಳಿಯ ಜಾಡು ಹಿಡಿಯಬೇಕು. ಆ ಕೆಲಸವನ್ನು ಆರ್ಥಿಕ ಸಹಕಾರ ಮತ್ತು ಅಭಿವೃದ್ಧಿ ಸಂಘಟನೆಯ ಹನ್ನೊಂದು ಯೂರೋಪಿಯನ್ ದೇಶಗಳು ಸೇರಿ ಕೈಗೆತ್ತಿಕೊಂಡವು. ಆರೋಪಕ್ಕೆ ಗುರಿಯಾದ ಬ್ರಿಟನ್ನೂ ಅವುಗಳಲ್ಲಿತ್ತು. ನಾರ್ವೆಯ ವಾಯು ಸಂಶೋಧನಾ ಸಂಸ್ಥೆ ಅದರ ಕೇಂದ್ರ, ಬ್ರಿನ್‌ಯುಲ್ಫ್ ಒಟ್ಟಾರ್ ಅದರ ನಾಯಕ. ಗಣಿತ ಮಾದರಿಯನ್ನು ಕಟ್ಟುವಲ್ಲಿ ಆಂಟನ್ ಎಲಿಯಾಸನ್ ಅವರದು ದೊಡ್ಡ ಪಾತ್ರ.

ಮಾದರಿ ಕೆಲಸ ಮಾಡುತ್ತಿದ್ದ ರೀತಿ ಹೀಗೆ. ಯೂರೋಪಿನ ನಕ್ಷೆಯನ್ನು ಚೌಕಗಳಾಗಿ ವಿಂಗಡಿಸುವುದು. ಪ್ರತಿ ಚೌಕದಿಂದ ವರ್ಷಕ್ಕೆ ಎಷ್ಟು ಗಂಧಕ ಹೊರಬೀಳುತ್ತದೆ ಎಂದು ಕಲ್ಲಿದ್ದಲು ಮತ್ತು ಎಣ್ಣೆಯ ಬಳಕೆಯಿಂದ ಅಂದಾಜು ಮಾಡುವುದು. ನಾರ್ವೆಯ ಒಂದು ಮಾಪನ ಕೇಂದ್ರಕ್ಕೆ ಇಂದು ಬಂದು ತಲುಪಿದ ಗಾಳಿಯ ಒಂದು ಕಂತೆಯನ್ನು ಆರಿಸಿಕೊಂಡು, ಹವಾಮಾನ ನಕ್ಷೆಗಳ ನೆರವಿನಿಂದ ಅದು ಬಂದ ದಾರಿಯನ್ನು ಹಿಮ್ಮುಖವಾಗಿ ಹುಡುಕುವುದು: ನಿನ್ನೆ ಎಲ್ಲಿತ್ತು, ಮೊನ್ನೆ ಎಲ್ಲಿತ್ತು? ಆ ದಾರಿಯಲ್ಲಿ ಯಾವ ಯಾವ ಚೌಕ ಹಾದು ಬಂತೋ ಅಲ್ಲಲ್ಲಿ ಅದಕ್ಕೆ ಸೇರಿದ ಗಂಧಕವನ್ನು ಕೂಡುವುದು. ದಾರಿಯಲ್ಲಿ ಎಷ್ಟು ಡೈಆಕ್ಸೈಡ್ ಸಲ್ಫೇಟ್ ಆಗಿ ಬದಲಾಯಿತು, ಎಷ್ಟು ನೆಲಕ್ಕೆ ಒಣದಾಗಿ ಇಳಿಯಿತು, ಎಷ್ಟನ್ನು ಮಳೆ ತೊಳೆಯಿತು ಎಂದು ಕಳೆಯುವುದು. ಕೊನೆಗೆ ಸಿಕ್ಕ ಸಂಖ್ಯೆಯನ್ನು ಕೇಂದ್ರದಲ್ಲಿ ಅಳೆದ ಸಂಖ್ಯೆಯೊಡನೆ ಹೋಲಿಸುವುದು. ವಿಮಾನಗಳೂ ಮೇಲೇರಿ ಗಾಳಿಯ ಮಾದರಿ ತಂದವು. ದಿನದಿನವೂ, ಕೇಂದ್ರ ಕೇಂದ್ರಕ್ಕೂ ಈ ಲೆಕ್ಕ ನಡೆಯಿತು.

1977ರಲ್ಲಿ ಫಲಿತಾಂಶ ಬಂತು. ಲೆಕ್ಕದಲ್ಲಿ ಅನಿಶ್ಚಿತತೆ ಸಾಕಷ್ಟಿದೆ ಎಂದು ವರದಿಯೇ ಒಪ್ಪಿಕೊಂಡಿತ್ತು. ಆದರೂ ಚಿತ್ರ ಸ್ಪಷ್ಟವಾಗಿತ್ತು. ನಾರ್ವೆ, ಸ್ವೀಡನ್, ಫಿನ್ಲೆಂಡ್, ಆಸ್ಟ್ರಿಯಾ, ಸ್ವಿಟ್ಜರ್ಲೆಂಡ್ ಈ ಐದು ದೇಶಗಳ ನೆಲಕ್ಕೆ ಬೀಳುವ ಗಂಧಕದಲ್ಲಿ ಅರ್ಧಕ್ಕಿಂತ ಹೆಚ್ಚು ಪಾಲು ಹೊರಗಿನಿಂದ ಬಂದದ್ದು. ಬ್ರಿಟನ್ನಿನ ವಿಜ್ಞಾನಿಗಳೂ ಕೂಡಿ ಮಾಡಿದ ಲೆಕ್ಕವನ್ನು ಬ್ರಿಟನ್ ಪೂರ್ತಿ ತಳ್ಳಿಹಾಕುವಂತಿರಲಿಲ್ಲ. ಜಂಟಿಯಾಗಿ ಮಾಡಿದ ಕೆಲಸದ ನಿಜವಾದ ಫಲ ಇದೇ.

ಆದರೆ ಆ ಹನ್ನೊಂದು ದೇಶಗಳಲ್ಲಿ ಪೂರ್ವ ಪಾಳಯದ್ದು ಒಂದೂ ಇರಲಿಲ್ಲ. ಪೋಲೆಂಡ್, ಚೆಕೊಸ್ಲೊವಾಕಿಯಾ, ಪೂರ್ವ ಜರ್ಮನಿಗಳ ಕಂದು ಕಲ್ಲಿದ್ದಲಿನ ಹೊಗೆ ಲೆಕ್ಕಕ್ಕೆ ಬರದೆ ಯೂರೋಪಿನ ಗಾಳಿಯ ಕಥೆ ಮುಗಿಯುವಂತಿರಲಿಲ್ಲ. ಅದು ಶೀತಲ ಸಮರದ ಕಾಲ. 1975ರ ಹೆಲ್ಸಿಂಕಿ ಒಪ್ಪಂದದ ಬಳಿಕ ಪೂರ್ವ-ಪಶ್ಚಿಮ ಸಹಕಾರಕ್ಕೆ ಒಂದು ವಿಷಯ ಬೇಕಾಗಿತ್ತು, ಪರಿಸರವೂ ಆಗಬಹುದೆಂದು ಸೋವಿಯತ್ ನಾಯಕ ಬ್ರೆಜ್ನೆವ್ ಸೂಚಿಸಿದ್ದರು. ಆಗ ನಾರ್ವೆಯ ಪರಿಸರ ಸಚಿವೆಯಾಗಿದ್ದ ಗ್ರೋ ಹಾರ್ಲೆಮ್ ಬ್ರುಂಟ್‌ಲಾಂಡ್ ಆ ಬಾಗಿಲನ್ನು ಬಿಡದೆ ತಟ್ಟಿದರು. 1979ರ ನವೆಂಬರ್ 13ರಂದು ಜಿನೀವಾದಲ್ಲಿ 34 ಸರ್ಕಾರಗಳು ಮತ್ತು ಐರೋಪ್ಯ ಸಮುದಾಯ ದೂರಗಾಮಿ ವಾಯುಮಾಲಿನ್ಯದ ಒಡಂಬಡಿಕೆಗೆ ಸಹಿ ಹಾಕಿದವು. ಅದರಲ್ಲಿ ಕಡಿತದ ಅಂಕಿ ಒಂದೂ ಇರಲಿಲ್ಲ, ಸಾಧ್ಯವಾದಷ್ಟು ಕ್ರಮೇಣ ತಗ್ಗಿಸಲು ಯತ್ನಿಸುತ್ತೇವೆ ಎಂಬ ಮಾತಷ್ಟೇ ಇತ್ತು. ಆದರೆ ಖಂಡದಾದ್ಯಂತ ಗಾಳಿ ಅಳೆದು ಲೆಕ್ಕ ಮಾಡುವ ಒಂದು ಜಂಟಿ ಕಾರ್ಯಕ್ರಮ ಅದರ ಭಾಗವಾಯಿತು. ಆ ಕಾರ್ಯಕ್ರಮದ ಎರಡು ಗಣಿತ ಕೇಂದ್ರಗಳಲ್ಲಿ ಒಂದು ಓಸ್ಲೋದಲ್ಲಿ, ಇನ್ನೊಂದು ಮಾಸ್ಕೋದಲ್ಲಿ. ಪರಸ್ಪರ ಕ್ಷಿಪಣಿ ಗುರಿಯಿಟ್ಟು ಕೂತಿದ್ದ ಎರಡು ಪಾಳಯಗಳ ವಿಜ್ಞಾನಿಗಳು ಒಂದೇ ಗಾಳಿಯ ಲೆಕ್ಕ ಬರೆಯತೊಡಗಿದರು.

ವರ್ಷ ವರ್ಷವೂ ಈ ಕೇಂದ್ರಗಳಿಂದ ಒಂದು ಕೋಷ್ಟಕ ಹೊರಬೀಳುತ್ತಿತ್ತು. ಅಡ್ಡಸಾಲಿನಲ್ಲಿ ಗಂಧಕ ಕೊಟ್ಟ ದೇಶಗಳು, ಕಂಬಸಾಲಿನಲ್ಲಿ ಪಡೆದ ದೇಶಗಳು. ಹಳ್ಳಿಯ ಸಾಹುಕಾರನ ಖಾತೆಪುಸ್ತಕದ ಹಾಗೆ ಯಾರಿಂದ ಯಾರಿಗೆ ಎಷ್ಟು ಸಂದಾಯ ಎಂಬುದು ಟನ್ನುಗಳಲ್ಲಿ ನಮೂದಾಗಿರುತ್ತಿತ್ತು. 'ನಮ್ಮ ಹೊಗೆ ನಮ್ಮಲ್ಲೇ ಮುಗಿಯುತ್ತದೆ' ಎಂದು ಹೇಳುವ ಅವಕಾಶ ಅಲ್ಲಿಗೆ ಮುಗಿಯಿತು.

ಕಾಡು, ಕೆಸರು, ಸಾಕ್ಷಿ

ಪಶ್ಚಿಮ ಜರ್ಮನಿ ಮೊದಲು ಒಡಂಬಡಿಕೆಗೆ ಉತ್ಸಾಹ ತೋರಿರಲಿಲ್ಲ. ಗ್ಯೋಟಿಂಗೆನ್ನಿನ ಬರ್ನ್‌ಹಾರ್ಡ್ ಉಲ್ರಿಖ್ ಆಮ್ಲದಿಂದ ಕಾಡಿನ ಮಣ್ಣು ಬದಲಾಗುತ್ತಿರುವುದನ್ನು ತೋರಿಸಿ, ಮರಗಳು ಸಾಯುತ್ತವೆ ಎಂದು ಎಚ್ಚರಿಸಿದರು. 1981ರ ನವೆಂಬರಿನಲ್ಲಿ 'ಡೆರ್ ಶ್ಪೀಗೆಲ್' ವಾರಪತ್ರಿಕೆ ಅದನ್ನು ಮುಖಪುಟಕ್ಕೆ ತಂದಿತು. ಕಾಡನ್ನು ಪ್ರಾಣದಂತೆ ಪ್ರೀತಿಸುವ ಜರ್ಮನ್ ಜನ ಎದ್ದು ಕೂತರು. 1982ರಲ್ಲಿ ಪಶ್ಚಿಮ ಜರ್ಮನಿ ತನ್ನ ನಿಲುವನ್ನೇ ಬದಲಿಸಿತು. ಮರುವರ್ಷ ದೊಡ್ಡ ಸ್ಥಾವರಗಳ ಹೊಗೆಯಿಂದ ಗಂಧಕ ತೆಗೆಯುವುದನ್ನು ಕಡ್ಡಾಯ ಮಾಡುವ ಕಾನೂನು ತಂದಿತು. ಇಡೀ ದೇಶದ ಕಾಡು ನಾಶವಾಗುತ್ತದೆ ಎಂಬ ಅಂದಿನ ಭೀತಿ ಮುಂದೆ ನಿಜವಾಗಲಿಲ್ಲ. ಬರ, ಕೀಟ, ಮಣ್ಣಿನ ಗುಣ ಎಲ್ಲವೂ ಮರದ ಆರೋಗ್ಯದಲ್ಲಿ ಕೈಯಾಡಿಸುತ್ತವೆ ಎಂದು ಸಂಶೋಧನೆ ತೋರಿಸಿತು. ಆದರೆ ಪೂರ್ವ ಜರ್ಮನಿ, ಪೋಲೆಂಡ್, ಚೆಕೊಸ್ಲೊವಾಕಿಯಾ ಕೂಡುವ ಗುಡ್ಡಗಳಲ್ಲಿ, ಗಂಧಕದ ಹೊಗೆ ನೇರವಾಗಿ ತಾಗಿದ ಕಡೆ, ಸ್ಪ್ರೂಸ್ ಕಾಡುಗಳು ಬೋಳು ಕಂಬಗಳಾಗಿ ನಿಂತದ್ದು ಕಣ್ಣೆದುರಿನ ಸತ್ಯ.

1985ರ ಜುಲೈ 8ರಂದು ಹೆಲ್ಸಿಂಕಿಯಲ್ಲಿ 21 ದೇಶಗಳು, 1980ರ ಮಟ್ಟದಿಂದ ಶೇ. 30ರಷ್ಟು ಗಂಧಕವನ್ನು 1993ರೊಳಗೆ ಕಡಿಮೆ ಮಾಡುವುದಾಗಿ ಒಪ್ಪಿದವು. ಬ್ರಿಟನ್ ಸಹಿ ಹಾಕಲಿಲ್ಲ. ಕೆರೆಗಳು ಹುಳಿಯಾಗಿರುವುದು ಹೊಗೆಯಿಂದಲೇ ಎಂದು ಹೇಗೆ ನಂಬುವುದು, ಮರ ನೆಡುವಿಕೆಯಿಂದ, ಭೂಬಳಕೆಯ ಬದಲಾವಣೆಯಿಂದ ಆಗಿರಬಾರದೇಕೆ ಎಂಬುದು ಅಲ್ಲಿನ ವಾದ.

ಈ ವಾದಕ್ಕೆ ಉತ್ತರವಿದ್ದದ್ದು ಸ್ಕಾಟ್ಲೆಂಡಿನ ಕೆರೆಗಳ ತಳದಲ್ಲಿ. ಲಂಡನ್ ಯೂನಿವರ್ಸಿಟಿ ಕಾಲೇಜಿನ ರಿಕ್ ಬ್ಯಾಟರ್‌ಬೀ ಮತ್ತು ಸಂಗಡಿಗರು ಗ್ಯಾಲೋವೇ ಪ್ರದೇಶದ ಕೆರೆಗಳಿಂದ ಕೆಸರಿನ ಕಂಬಗಳನ್ನು ಕೊರೆದು ತೆಗೆದರು. ಡಯಾಟಮ್ ಎಂಬ ಸೂಕ್ಷ್ಮ ಪಾಚಿಗೆ ಮರಳಿನಂಥ ಗಟ್ಟಿ ಚಿಪ್ಪಿರುತ್ತದೆ. ಸತ್ತರೂ ಚಿಪ್ಪು ಕೆಸರಿನಲ್ಲಿ ಉಳಿಯುತ್ತದೆ. ಪ್ರತಿ ಜಾತಿಗೂ ನೀರಿನ ಹುಳಿ ಇಷ್ಟೇ ಇರಬೇಕೆಂಬ ಮಿತಿಯಿದೆ. ಯಾವ ಪದರದಲ್ಲಿ ಯಾವ ಜಾತಿ ಎಂದು ನೋಡಿದರೆ ಆ ಕಾಲದ ಕೆರೆಯ ಹುಳಿ ಎಷ್ಟಿತ್ತೆಂದು ಹೇಳಬಹುದು. 1850ರ ಆಸುಪಾಸಿನವರೆಗೆ ಹೆಚ್ಚುಕಡಿಮೆ ಸ್ಥಿರವಾಗಿದ್ದ ಕೆರೆಗಳು ಅಲ್ಲಿಂದಾಚೆಗೆ, ಕೈಗಾರಿಕೆ ಬೆಳೆದಂತೆ, ಹುಳಿಯಾಗುತ್ತ ಬಂದಿದ್ದವು. ಸುತ್ತ ಒಂದು ಮರವನ್ನೂ ನೆಡದ ಕೆರೆಗಳೂ ಹಾಗೆಯೇ. ಮೇಲಿನ ಪದರಗಳಲ್ಲಿ ಕಲ್ಲಿದ್ದಲು ಉರಿದ ಮಸಿಯ ಕಣಗಳೂ ಸಿಕ್ಕವು. ಬ್ರಿಟನ್ನಿನ ವಿದ್ಯುತ್ ಮತ್ತು ಕಲ್ಲಿದ್ದಲು ಮಂಡಳಿಗಳೇ ಹಣ ಕೊಟ್ಟು, ಮೂರು ದೇಶಗಳ ವಿಜ್ಞಾನ ಅಕಾಡೆಮಿಗಳು ನಡೆಸಿದ ದೊಡ್ಡ ಅಧ್ಯಯನವೂ ಮುಂದೆ ಇದೇ ತೀರ್ಮಾನಕ್ಕೆ ಬಂತು. 1986ರಲ್ಲಿ ಬ್ರಿಟನ್ ತನ್ನ ಕೆಲವು ಸ್ಥಾವರಗಳಿಗೆ ಗಂಧಕ ತೆಗೆಯುವ ಯಂತ್ರ ಜೋಡಿಸಲು ಒಪ್ಪಿತು.

ಅರಮನೆಯೊಳಗಿನ ಕಂಪ್ಯೂಟರ್

ಎಲ್ಲರಿಗೂ ಶೇ. 30 ಎಂಬ ನಿಯಮಕ್ಕೆ ಒಂದು ದೌರ್ಬಲ್ಯವಿತ್ತು. ಸುಣ್ಣಕಲ್ಲಿನ ನೆಲಕ್ಕೆ ಬೀಳುವ ಒಂದು ಟನ್ ಗಂಧಕವೂ ಗ್ರಾನೈಟ್ ನೆಲಕ್ಕೆ ಬೀಳುವ ಒಂದು ಟನ್ ಗಂಧಕವೂ ಒಂದೇ ಅಲ್ಲ. ಹಾಗಾದರೆ ಪ್ರತಿ ನೆಲ, ಪ್ರತಿ ನೀರು ಎಷ್ಟು ತಡೆಯಬಲ್ಲದು? ನಾರ್ಡಿಕ್ ದೇಶಗಳ ವಿಜ್ಞಾನಿಗಳು 1980ರ ದಶಕದಲ್ಲಿ ಈ ಪ್ರಶ್ನೆಯನ್ನು ಗಟ್ಟಿಯಾಗಿ ಎತ್ತಿದರು. 1988ರಲ್ಲಿ ಸ್ವೀಡನ್ನಿನ ಸ್ಕೂಕ್ಲೋಸ್ಟರಿನಲ್ಲಿ ಸೇರಿದ ಕಾರ್ಯಾಗಾರ 'ನಿರ್ಣಾಯಕ ಹೊರೆ' ಎಂಬ ಪರಿಕಲ್ಪನೆಗೆ ವ್ಯಾಖ್ಯೆ ಕೊಟ್ಟಿತು: ಇಂದಿನ ತಿಳಿವಳಿಕೆಯಂತೆ, ಎಷ್ಟು ಮಾಲಿನ್ಯದ ಕೆಳಗೆ ಪ್ರಕೃತಿಯ ಸೂಕ್ಷ್ಮ ಅಂಗಗಳಿಗೆ ಗಣನೀಯ ಹಾನಿಯಾಗುವುದಿಲ್ಲವೋ ಅಷ್ಟು. ಖಂಡದ ಪ್ರತಿ ಚೌಕಕ್ಕೂ ಈ ಅಂಕಿ ತುಂಬುವ ಕೆಲಸ ನಡೆಯಿತು. ಮಣ್ಣು, ಬಂಡೆ, ಕಾಡು, ಕೆರೆ ಮೊದಲ ಬಾರಿಗೆ ರಾಜತಾಂತ್ರಿಕರ ಮೇಜಿನ ಮೇಲೆ ತಮ್ಮದೇ ಸಂಖ್ಯೆಗಳೊಡನೆ ಹಾಜರಾದವು.

ಈ ಎಲ್ಲ ಎಳೆಗಳನ್ನು ಹೆಣೆದದ್ದು ವಿಯೆನ್ನಾ ಸಮೀಪದ ಲಾಕ್ಸೆನ್‌ಬರ್ಗಿನಲ್ಲಿ. ಹಾಬ್ಸ್‌ಬರ್ಗ್ ದೊರೆಗಳ ಬೇಸಗೆ ಅರಮನೆಯಲ್ಲಿ, ಪೂರ್ವ-ಪಶ್ಚಿಮ ಎರಡೂ ಪಾಳಯಗಳ ವಿಜ್ಞಾನ ಸಂಸ್ಥೆಗಳು ಸೇರಿ 1972ರಲ್ಲಿ ಅನ್ವಯಿಕ ವ್ಯವಸ್ಥಾ ವಿಶ್ಲೇಷಣೆಯ ಅಂತರರಾಷ್ಟ್ರೀಯ ಸಂಸ್ಥೆಯನ್ನು ಸ್ಥಾಪಿಸಿದ್ದವು. ಅಲ್ಲಿ ಲೇನ್ ಹೊರ್ಡೈಕ್, ಜೋಸೆಫ್ ಅಲ್ಕಾಮೊ, ಮಾರ್ಕುಸ್ ಅಮನ್ ಮೊದಲಾದವರು 'ರೇನ್ಸ್' ಎಂಬ ಮಾದರಿಯನ್ನು ಬೆಳೆಸಿದರು. ಅದರಲ್ಲಿ ಪ್ರತಿ ದೇಶದ ಇಂಧನ ಬಳಕೆಯಿತ್ತು, ಹೊಗೆ ಶುದ್ಧಿಗೆ ತಗಲುವ ಖರ್ಚಿತ್ತು, ಓಸ್ಲೋದಿಂದ ಬಂದ ಗಾಳಿಯ ಕೋಷ್ಟಕವಿತ್ತು, ಪ್ರತಿ ನೆಲದ ನಿರ್ಣಾಯಕ ಹೊರೆಯಿತ್ತು. ಎಲ್ಲಿ ಎಷ್ಟು ಕಡಿತ ಮಾಡಿದರೆ ಅತಿ ಕಡಿಮೆ ಖರ್ಚಿನಲ್ಲಿ ಅತಿ ಹೆಚ್ಚು ಕೆರೆ ಕಾಡುಗಳು ಉಳಿಯುತ್ತವೆ ಎಂದು ಅದು ಹೇಳಬಲ್ಲುದಾಗಿತ್ತು. ಅದನ್ನು ಮೇಜಿನ ಮೇಲಿನ ಸಾಮಾನ್ಯ ಕಂಪ್ಯೂಟರಿನಲ್ಲೇ ನಡೆಸಬಹುದಿತ್ತು, ಸಂಧಾನಕಾರರು ತಾವೇ ಕೂತು ಪರೀಕ್ಷಿಸಬಹುದಿತ್ತು. ತನ್ನ ದೇಶದ ಅಂಕಿಗಳನ್ನು ಪ್ರತಿ ಸರ್ಕಾರವೂ ತಿದ್ದಿ ಒಪ್ಪಿಗೆ ಕೊಡುತ್ತಿತ್ತು. ಆ ಪಾರದರ್ಶಕತೆಯೇ ಮಾದರಿಗೆ ಬಲ ತಂದಿತು.

1994ರ ಜೂನ್ 14ರಂದು ಓಸ್ಲೋದಲ್ಲಿ ಎರಡನೆಯ ಗಂಧಕ ಒಪ್ಪಂದವಾಯಿತು. ಆಗ ಬೀಳುತ್ತಿದ್ದ ಗಂಧಕಕ್ಕೂ ನೆಲ ತಡೆಯಬಲ್ಲ ಹೊರೆಗೂ ನಡುವಿನ ಅಂತರವನ್ನು ಶೇ. 60ರಷ್ಟು ಮುಚ್ಚುವುದು ಅದರ ಗುರಿ. ಪ್ರತಿ ದೇಶಕ್ಕೂ ಬೇರೆ ಬೇರೆ ಅಂಕಿ. 1980ಕ್ಕೆ ಹೋಲಿಸಿದರೆ ಜರ್ಮನಿ 2005ರೊಳಗೆ ಶೇ. 87 ಇಳಿಸಬೇಕು. ಬ್ರಿಟನ್ 2010ರೊಳಗೆ ಶೇ. 80. ಒಂಬತ್ತು ವರ್ಷದ ಹಿಂದೆ ಶೇ. 30ಕ್ಕೂ ಒಪ್ಪದಿದ್ದ ಬ್ರಿಟನ್ ಈ ಬಾರಿ ಸಹಿ ಹಾಕಿತು. 1999ರಲ್ಲಿ ಯೋಟೆಬೋರಿಯ ಒಪ್ಪಂದ ಗಂಧಕದ ಜತೆಗೆ ಸಾರಜನಕದ ಆಕ್ಸೈಡುಗಳು, ಅಮೋನಿಯಾ, ಆವಿಯಾಗುವ ಸಾವಯವ ಸಂಯುಕ್ತಗಳನ್ನೂ ಒಂದೇ ಲೆಕ್ಕಕ್ಕೆ ತಂದಿತು.

ಮತ್ತೆ ಮನುಷ್ಯನ ಎದೆಗೂಡಿಗೆ

ಈ ಹೊತ್ತಿಗೆ ಅಟ್ಲಾಂಟಿಕ್ ಆಚೆಯಿಂದ ಒಂದು ಸುದ್ದಿ ಬಂದಿತ್ತು. 1993ರ ಡಿಸೆಂಬರಿನಲ್ಲಿ ಡಗ್ಲಸ್ ಡಾಕರಿ ಮತ್ತು ಸಂಗಡಿಗರು ಅಮೆರಿಕದ ಆರು ನಗರಗಳ 8,111 ವಯಸ್ಕರನ್ನು ಹದಿನಾಲ್ಕರಿಂದ ಹದಿನಾರು ವರ್ಷ ಹಿಂಬಾಲಿಸಿದ ಅಧ್ಯಯನ ಪ್ರಕಟಿಸಿದರು. ಧೂಮಪಾನ ಮುಂತಾದ ಕಾರಣಗಳನ್ನು ಬದಿಗಿಟ್ಟು ನೋಡಿದರೂ, ಅತಿ ಮಲಿನ ನಗರವಾದ ಸ್ಟ್ಯೂಬೆನ್‌ವಿಲ್‌ನಲ್ಲಿ ಸಾವಿನ ಪ್ರಮಾಣ ಅತಿ ಶುದ್ಧ ನಗರವಾದ ಪೋರ್ಟೇಜ್‌ಗಿಂತ ಶೇ. 26 ಹೆಚ್ಚು. ಅಪರಾಧಿ 2.5 ಮೈಕ್ರಾನಿಗಿಂತ ಸಣ್ಣ ಕಣಗಳು. ಅವು ಶ್ವಾಸಕೋಶದ ತುತ್ತತುದಿಯವರೆಗೂ ಇಳಿಯುತ್ತವೆ, ಹೃದಯವನ್ನೂ ಬಾಧಿಸುತ್ತವೆ. ಆ ಕಣಗಳಲ್ಲಿ ದೊಡ್ಡ ಪಾಲು ಸಲ್ಫೇಟ್.

ಓಡೇನರ ಕೆರೆಗಳಿಗೆ ಬಿದ್ದದ್ದೂ ಅದೇ ಸಲ್ಫೇಟ್. ಎತ್ತರದ ಚಿಮಣಿಯಿಂದ ಹೊರಟ ಗಂಧಕದ ಅನಿಲ ಗಾಳಿಯಲ್ಲಿ ದಿನಗಟ್ಟಲೆ ಸಾಗುತ್ತ ಸೂಕ್ಷ್ಮ ಕಣವಾಗುತ್ತದೆ. ಮಳೆಯೊಡನೆ ಇಳಿದರೆ ಮೀನಿನ ಕಿವಿರು, ಉಸಿರಿನೊಡನೆ ಇಳಿದರೆ ಮನುಷ್ಯನ ಎದೆ. 1952ರ ಲಂಡನ್ ಮತ್ತು 1975ರ ತೋವ್‌ದಾಲ್ ಬೇರೆ ಬೇರೆ ದುರಂತಗಳಲ್ಲ ಎಂಬುದು ಆಗ ಮನದಟ್ಟಾಯಿತು. 'ರೇನ್ಸ್' ಮಾದರಿ ಹಸಿರುಮನೆ ಅನಿಲಗಳನ್ನೂ ಸೇರಿಸಿಕೊಂಡು 'ಗೇನ್ಸ್' ಆಗಿ ಬೆಳೆಯಿತು. ಕೆರೆಗಳ ಜತೆಗೆ ಆಯುಸ್ಸಿನ ಲೆಕ್ಕವನ್ನೂ ಹಿಡಿಯಿತು. 2000ದ ಸುಮಾರಿನಲ್ಲಿ ಯೂರೋಪಿನ ಪ್ರಜೆಯೊಬ್ಬ ಸೂಕ್ಷ್ಮ ಕಣಗಳಿಂದ ಸರಾಸರಿ 8 ತಿಂಗಳಿಗೂ ಹೆಚ್ಚು ಆಯುಸ್ಸು ಕಳೆದುಕೊಳ್ಳುತ್ತಿದ್ದ ಎಂದು ಅಂದಾಜಾಯಿತು. 2012ರಲ್ಲಿ ತಿದ್ದುಪಡಿಯಾದ ಯೋಟೆಬೋರಿಯ ಒಪ್ಪಂದ ಈ ಕಣಗಳಿಗೂ ಮಿತಿ ಹೇರಿತು.

ಫಲ ಕಣ್ಣಿಗೆ ಕಾಣುವಂಥದ್ದು. 1980ರಿಂದ ಈಚೆಗೆ ಯೂರೋಪಿನ ಗಂಧಕದ ಡೈಆಕ್ಸೈಡ್ ಶೇ. 80ಕ್ಕೂ ಹೆಚ್ಚು ತಗ್ಗಿದೆ. ದಕ್ಷಿಣ ನಾರ್ವೆಯ ಎಷ್ಟೋ ಹೊಳೆ ಕೆರೆಗಳಿಗೆ ಟ್ರೌಟ್, ಸಾಲ್ಮನ್ ಮರಳಿವೆ. ಮರಳಿಕೆ ನಿಧಾನ. ಮಣ್ಣಿನಿಂದ ತೊಳೆದುಹೋದ ಸುಣ್ಣ ಬಂಡೆ ಸವೆದು ಮತ್ತೆ ಕೂಡಬೇಕಾದರೆ ದಶಕಗಳೇ ಬೇಕು. ಅಲ್ಲಿಯವರೆಗೆ ಕೆಲವೆಡೆ ನೀರಿಗೆ ಸುಣ್ಣದ ಪುಡಿ ಸುರಿಯುತ್ತಲೇ ಇರಬೇಕಾಗಿದೆ.

ನಮ್ಮ ಮನೆಯ ಲೆಕ್ಕ

ಭಾರತದ ಗಾಳಿಯಲ್ಲಿ ಸುಣ್ಣದಂಶವುಳ್ಳ ಮಣ್ಣಿನ ಧೂಳು ಹೇರಳ. ಅದು ಮಳೆಯ ಹುಳಿಯನ್ನು ಬಹುಮಟ್ಟಿಗೆ ತಣಿಸುತ್ತದೆ. ಆದರೆ ಸಲ್ಫೇಟ್ ಕಣ ನಮ್ಮ ಎದೆಗೂಡಿಗೆ ಇಳಿಯುವುದನ್ನು ಯಾವ ಧೂಳೂ ತಡೆಯದು. ಲಾಕ್ಸೆನ್‌ಬರ್ಗಿನ ಮಾದರಿಯಿಂದಲೇ ದೆಹಲಿಯ ಲೆಕ್ಕ ಮಾಡಿದಾಗ, ಅಲ್ಲಿನ ಸೂಕ್ಷ್ಮ ಕಣಗಳಲ್ಲಿ ಸುಮಾರು ಶೇ. 60 ನಗರದ ಹೊರಗಿನಿಂದ ಬಂದದ್ದೆಂದು ಕಂಡುಬಂತು. 1977ರಲ್ಲಿ ನಾರ್ವೆ ಕಂಡುಕೊಂಡ ಸತ್ಯವೇ ಇದು.

ನಾವು ಮಾತ್ರ ಇನ್ನೂ ಊರಿನ ಗಡಿಯೊಳಗೇ ಯೋಚಿಸುತ್ತಿದ್ದೇವೆ. 2019ರಲ್ಲಿ ಶುರುವಾದ ರಾಷ್ಟ್ರೀಯ ಶುದ್ಧ ಗಾಳಿ ಕಾರ್ಯಕ್ರಮದಲ್ಲಿ ಕರ್ನಾಟಕದಿಂದ ಬೆಂಗಳೂರು, ಹುಬ್ಬಳ್ಳಿ-ಧಾರವಾಡ, ದಾವಣಗೆರೆ, ಕಲಬುರಗಿ ಸೇರಿವೆ. ಯೋಜನೆಗಳನ್ನು ಬರೆದದ್ದು ನಗರಕ್ಕೊಂದರಂತೆ. ಶಕ್ತಿನಗರದ, ಕುಡತಿನಿಯ ಸ್ಥಾವರಗಳ ಹೊಗೆ ಜಿಲ್ಲೆಯ ಗಡಿ ನೋಡಿ ನಿಲ್ಲುವುದಿಲ್ಲ. ಕಲ್ಲಿದ್ದಲು ಸ್ಥಾವರಗಳು ಗಂಧಕದ ಹೊರಸೂಸುವಿಕೆಗೆ ಮಿತಿ ಪಾಲಿಸಬೇಕೆಂದು 2015ರ ಡಿಸೆಂಬರಿನಲ್ಲಿ ಕೇಂದ್ರ ಸರ್ಕಾರ ನಿಯಮ ಮಾಡಿತು. ಗಡುವು ಮತ್ತೆ ಮತ್ತೆ ಮುಂದೆ ಹೋಯಿತು. 2025ರ ಜುಲೈಯಲ್ಲಿ ಬಹುಪಾಲು ಸ್ಥಾವರಗಳಿಗೆ ವಿನಾಯಿತಿಯೇ ಸಿಕ್ಕಿತು. ಆ ವಿನಾಯಿತಿಯ ಹಿಂದಿರುವ, ಚಿಮಣಿ ಎತ್ತರವಾಗಿದ್ದರೆ ಸಾಕು ಎಂಬ ವಾದ ಅರ್ಧ ಶತಮಾನದ ಹಿಂದೆ ಯೂರೋಪಿನಲ್ಲಿ ಸೋತ ವಾದ. ಅದನ್ನು ನಾವು ಮತ್ತೆ ಒಪ್ಪಿಕೊಳ್ಳಬೇಕಾದ ಕಾರಣವಿಲ್ಲ.

ಯೂರೋಪು ಗೆದ್ದದ್ದು ಯಂತ್ರದಿಂದಷ್ಟೇ ಅಲ್ಲ. ವೈರಿಗಳೂ ಒಟ್ಟಿಗೆ ಕೂತು ಒಂದೇ ಲೆಕ್ಕ ಬರೆದರು, ಅದನ್ನು ಎಲ್ಲರಿಗೂ ತೆರೆದಿಟ್ಟರು, ಬಂದ ಉತ್ತರಕ್ಕೆ ತಲೆಬಾಗಿದರು. ಮಾಸ್ಕೋ ಮತ್ತು ಓಸ್ಲೋ ಅದನ್ನು ಮಾಡಬಹುದಾಗಿದ್ದರೆ ಒಂದೇ ದೇಶದ ಅಕ್ಕಪಕ್ಕದ ರಾಜ್ಯಗಳಾದ ಕರ್ನಾಟಕ, ತೆಲಂಗಾಣ, ಆಂಧ್ರ, ಮಹಾರಾಷ್ಟ್ರಗಳಿಗೆ ಅದು ಕಷ್ಟವಾಗಬಾರದು. ನಿಮ್ಮ ನಗರದ ಶುದ್ಧ ಗಾಳಿ ಯೋಜನೆ ಚರ್ಚೆಗೆ ಬಂದಾಗ ಎರಡು ಪ್ರಶ್ನೆ ಕೇಳಿ. ನಮ್ಮ ಗಾಳಿಯ ಕೊಳೆಯಲ್ಲಿ ಹೊರಗಿನಿಂದ ಬಂದದ್ದೆಷ್ಟು, ನಮ್ಮಿಂದ ಹೊರಗೆ ಹೋದದ್ದೆಷ್ಟು? ಆ ನೆರೆಯವರೊಡನೆ ಮಾತನಾಡಲು ಯಾರನ್ನು ನೇಮಿಸಿದ್ದೀರಿ? ಉತ್ತರ ಸಿಗುವವರೆಗೆ ಕೇಳುತ್ತಲೇ ಇರಿ.